ನೋಡೋಣಪ್ಪನವರ ಮನೆಯ ಕತ್ತಲು

ನೋಡೋಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರಿನ ನಲ್ಲಿಗಳು ಇಟ್ಟ ಹೆಸರು. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂತು ಕೂತೇ ಅವರ ತಲೆ ನೆರೆತಿತ್ತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದವರಿಗೂ "ನೋಡೋಣ", ಬಂದ ನೀರು ನಿಲ್ಲುತ್ತಿಲ್ಲ ಎಂದವರಿಗೂ "ನೋಡೋಣ". ಜನ ಬಂದದ್ದಕ್ಕಿಂತ ಸಮಾಧಾನವಾಗಿ ಹೋಗುತ್ತಿದ್ದರು, ಯಾಕೆಂದರೆ ಅಷ್ಟು ಮೃದುವಾಗಿ ಇಲ್ಲವೆನ್ನುವ ಮನುಷ್ಯ ಆ ಕಚೇರಿಯಲ್ಲಿ ಇನ್ನೊಬ್ಬನಿರಲಿಲ್ಲ. ಬರಬರುತ್ತಾ ಅವರ ನಿಜವಾದ ಹೆಸರು ಯಾರಿಗೂ ಬೇಡವಾಯಿತು. ಮನೆಯಲ್ಲಿ ಮಾತ್ರ ಆ ಪದ ನಡೆಯುತ್ತಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ, "ನೀವು ನೋಡೋದೇನೂ ಉಳಿದಿಲ್ಲ, ನಾನು ಆಗಲೇ ಮಾಡಿ ಮುಗಿಸಿದೆ" ಎನ್ನುತ್ತಿದ್ದರು.

ಆ ಹೆಂಡತಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಬಹಳ ಕಾಲ ಹಾಸಿಗೆ ಹಿಡಿದಿದ್ದು, ಕೊನೆಗೊಂದು ಬೆಳಗ್ಗೆ, ಗಂಡ ಹಾಲು ತರಲು ಹೋಗಿದ್ದಾಗ, ಸದ್ದಿಲ್ಲದೆ ಹೊರಟುಹೋಗಿದ್ದರು. ಆ ದಿನ ನೋಡೋಣಪ್ಪನವರು ಅಳಲಿಲ್ಲ. ಬಂದವರಿಗೆ ಕುರ್ಚಿ ಸಾಲುತ್ತದೆಯೋ ಇಲ್ಲವೋ ಎಂದು ಎಣಿಸುತ್ತಾ ಓಡಾಡುತ್ತಿದ್ದರು. "ಕಲ್ಲು ಕಣ್ರೀ, ಕಲ್ಲು" ಎಂದು ಹೆಂಡತಿಯ ಕಡೆಯವರು ಪಿಸುಗುಟ್ಟಿದರು. ಊರಿಗೆ ಹೊರಡುವಾಗ ಅವರ ಸ್ವಂತ ಅಕ್ಕ, "ಒಬ್ಬನೇ ಹೇಗೋ ಇರ್ತೀಯಾ? ನನ್ನ ಜೊತೆ ಬಂದುಬಿಡು" ಎಂದರೆ, ನೋಡೋಣಪ್ಪನವರು ಎದೆಯುಬ್ಬಿಸಿ ಹೇಳಿದರು: "ನನಗೇನಾಗಿದೆ ಅಕ್ಕಾ? ಮನೆ ನಡೆಸೋದೇನು ಬ್ರಹ್ಮವಿದ್ಯೆನಾ?"

ಮನೆ ನಡೆಸುವುದು ಬ್ರಹ್ಮವಿದ್ಯೆಯಲ್ಲದಿರಬಹುದು. ಆದರೆ ಬಾಗಿಲ ಮೇಲಿನ ಬಿಳಿ ಡಬ್ಬದೊಳಗೆ ಕೂತಿದ್ದ, ಕರೆಂಟು ಹೆಚ್ಚುಕಮ್ಮಿಯಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚು ಆ ಮಾತನ್ನು ಕೇಳಿಸಿಕೊಂಡಿತ್ತು ಎಂದೇ ಹೇಳಬೇಕು.

ಚಳಿ ಶುರುವಾದ ಒಂದು ಸಂಜೆ ಅವರು ಕಚೇರಿಯಿಂದ ಬಂದು, ಚೀಲ ಇಟ್ಟು, ಮುಖ ತೊಳೆದು, ಕೆಟಲಿನಲ್ಲಿ ನೀರು ಕಾಯಿಸಲು ಇಟ್ಟಿದ್ದರು. ನೀರು ಇನ್ನೇನು ಗುಂಯ್‌ಗುಡಬೇಕು, ಅಷ್ಟರಲ್ಲಿ ಬಾಗಿಲ ಮೇಲಿಂದ 'ಟಕ್' ಎಂದಿತು. ದೀಪ, ಫ್ರಿಡ್ಜು, ಟಿವಿಯ ಕೆಂಪು ಚುಕ್ಕೆ, ಎಲ್ಲ ಒಟ್ಟಿಗೇ ಕಣ್ಣು ಮುಚ್ಚಿದವು. ಕಿಟಕಿಯಿಂದ ಇಣುಕಿದರೆ ಬೀದಿಯೆಲ್ಲ ಝಗಝಗ. ಸ್ಟೂಲ್ ಹತ್ತಿ ಎಂಸಿಬಿಯ ಕಡ್ಡಿಯನ್ನು ಮೇಲೆತ್ತಿದರು. ಬೆಳಕು ಬಂತು. ಸ್ಟೂಲ್ ಒಳಗಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ 'ಟಕ್'. ಏರುವುದು, ಎತ್ತುವುದು, ಇಳಿಯುವುದು, ಅದು ಬೀಳುವುದು. ಕೊನೆಗೆ ಮೊಣಕಾಲು ಸೋತು, ಹಾಲ್‌ನ ಸೋಫಾದ ಮೇಲೆ ಕತ್ತಲಲ್ಲೇ ಕೂತು ತಣ್ಣಗಿನ ಬ್ರೆಡ್ಡು ತಿಂದರು. ಬೆಳಗ್ಗೆ ಎತ್ತಿದರೆ ಏನೂ ಆಗಿಲ್ಲವೆಂಬಂತೆ ನಿಂತಿತು. ಸಂಜೆ ಮತ್ತೆ ಅದೇ ಕಥೆ.

ಮೊದಲು ಅವರ ಅನುಮಾನ ಕೆಟಲಿನ ಮೇಲೆ ಹೋಯಿತು. ಅದನ್ನೆತ್ತಿಕೊಂಡು ಪಕ್ಕದ ಮನೆಯ ಟೈಲರಮ್ಮನ ಬಾಗಿಲು ತಟ್ಟಿದರು. ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದರು.

"ಟೈಲರಮ್ಮಾ, ಇದು ನಿಮ್ಮ ಹತ್ರ ಇರಲಿ. ನನಗಿನ್ನು ಬೇಡ."

"ಯಾಕಣ್ಣಾ, ಚೆನ್ನಾಗಿದೆಯಲ್ಲಾ?"

"ಚೆನ್ನಾಗೇ ಇದೆ. ಆದ್ರೆ ಇದಿದ್ರೆ ಮನೆಯೆಲ್ಲ ಕತ್ತಲಾಗುತ್ತೆ."

ಟೈಲರಮ್ಮ ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ತಾವೇ ಜೊತೆಗೆ ಹೋಗಿ ಆರಿಸಿ ಕೊಡಿಸಿದ್ದ ಕೆಟಲು ಅದು. ಅತ್ತಿಗೆಯಮ್ಮ, ಅಂದರೆ ನೋಡೋಣಪ್ಪನವರ ಹೆಂಡತಿ, ಕಾಯಿಲೆ ಬೀಳುವ ಮೊದಲು. ಅವರ ಕಣ್ಣಲ್ಲಿ ನೀರು ತುಂಬಿತು. ಇವರಿಗೆ ಅದು ಕಾಣಲಿಲ್ಲ. ಕೆಟಲನ್ನು ದಾಟಿಸಿದ ಖುಷಿಯಲ್ಲಿ ಮನೆಗೆ ಓಡಿದರು. ಅರ್ಧ ಗಂಟೆಯಲ್ಲಿ 'ಟಕ್'.

ಕೆಟಲಾದ ಮೇಲೆ ಇಸ್ತ್ರಿಪೆಟ್ಟಿಗೆ. ಅದು ಎದುರುಮನೆಯ ಜೈಲರ್ ಸಾಹೇಬರ ಪಾಲಾಯಿತು. ಜೈಲರ್ ಸಾಹೇಬರು ನಿವೃತ್ತರಾಗಿ ವರ್ಷಗಳಾಗಿದ್ದರೂ ಜೈಲು ಅವರಿಂದ ನಿವೃತ್ತವಾಗಿರಲಿಲ್ಲ. ಬೀದಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹೋದರು, ಬಂದರು, ಎಲ್ಲ ಅವರ ವರಾಂಡದ ಕುರ್ಚಿಗೆ ಗೊತ್ತು.

"ಇಸ್ತ್ರಿ ಇಲ್ದೆ ಆಫೀಸಿಗೆ ಹೇಗೆ ಹೋಗ್ತೀರಿ?" ಎಂದು ಕೇಳಿದರು.

"ಇನ್ನು ಇಸ್ತ್ರಿ ಮಾಡ್ಕೊಂಡು ಯಾರಿಗೆ ತೋರಿಸ್ಬೇಕು ಸಾಹೇಬ್ರೇ?" ಎಂದರು ನೋಡೋಣಪ್ಪನವರು, ನಗುತ್ತಲೇ. ಆದರೆ ಸಂಜೆಗತ್ತಲಲ್ಲಿ ಅರ್ಧ ಮುಖದ ನಗು ನಗುವಾಗಿ ಕಾಣುವುದಿಲ್ಲ.

ಅವರು ಅತ್ತ ಹೋದದ್ದೇ ಜೈಲರ್ ಸಾಹೇಬರು ಇತ್ತ ಟೈಲರಮ್ಮನ ಮನೆಗೆ ಬಂದರು. ಇಬ್ಬರೂ ಕೆಟಲನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದಂತೆ ನೋಡಿದರು.

"ಜೈಲಲ್ಲಿ ನಾನು ಕಂಡಿದ್ದೀನಮ್ಮಾ" ಎಂದರು ಜೈಲರ್ ಸಾಹೇಬರು ದನಿ ತಗ್ಗಿಸಿ. "ಮನುಷ್ಯ ತನ್ನ ತಟ್ಟೆ ಲೋಟ ಪಕ್ಕದವನಿಗೆ ಕೊಡೋಕೆ ಶುರು ಮಾಡಿದ ಅಂದ್ರೆ ಅವನ ಮೇಲೊಂದು ಕಣ್ಣಿಟ್ಟಿರ್ಬೇಕು."

"ಅಯ್ಯೋ, ಹಾಗನ್ಬೇಡಿ. ಎಂಸಿಬಿ ಟ್ರಿಪ್ ಆಗ್ತಿದೆ ಅಂತಾರೆ."

"ಏನಾದ್ರೂ ಅನ್ಲೇಬೇಕಲ್ಲ! ನಾನು ಕತ್ತಲಲ್ಲಿ ಕೂತು ಅಳ್ತೀನಿ ಅಂತ ಯಾವ ಗಂಡಸು ಬಾಯಿಬಿಟ್ಟು ಹೇಳ್ತಾನೆ?"

ಕಚೇರಿಯಲ್ಲಿ ಈ ಸುದ್ದಿ ಬೇರೆಯೇ ರೂಪ ಪಡೆಯಿತು. ಕಣ್ಣು ಕೆಂಪಗಾಗಿದೆಯಲ್ಲ ಎಂದು ಅಲ್ಲಿಯ ಮೇಲಧಿಕಾರಿ ಸಾಹೇಬರು ಕೇಳಿದ್ದಕ್ಕೆ ಇವರು, "ಏನ್ಮಾಡ್ಲಿ ಸಾರ್, ದಿನಾ ಸಂಜೆ ಟ್ರಿಪ್" ಎಂದಿದ್ದರು. ಮಧ್ಯಾಹ್ನದೊಳಗೆ, ಹೆಂಡತಿ ಹೋದ ವರ್ಷವೇ ನೋಡೋಣಪ್ಪನವರು ಪ್ರವಾಸದ ಹುಚ್ಚು ಹಿಡಿಸಿಕೊಂಡಿದ್ದಾರೆಂಬ ಸುದ್ದಿ ಮೂರು ಮಹಡಿಗಳನ್ನೂ ಹತ್ತಿಳಿಯಿತು. ಸಂಜೆ ಹೊರಟು ಬೆಳಗ್ಗೆ ವಾಪಸ್ಸಾಗುವಂಥ ಪ್ರವಾಸ ಯಾವುದಿರಬಹುದು ಎಂದು ಕೆಲವರು ತಲೆ ಕೆಡಿಸಿಕೊಂಡರು, ಇನ್ನು ಕೆಲವರು ಊಹಿಸಿ ಕಣ್ಣು ಮಿಟುಕಿಸಿದರು.

ಇಷ್ಟಾದರೂ ನೋಡೋಣಪ್ಪನವರು ಕೈಕಟ್ಟಿ ಕೂರಲಿಲ್ಲ. ಕಚೇರಿಯ ಊಟದ ಬಿಡುವಿನಲ್ಲಿ ವಿದ್ಯುತ್ ಕಚೇರಿಗೆ ಹೋಗಿ ಅಲ್ಲಿಯ ದೂರು ಕಿಟಕಿಯ ಮುಂದೆ ನಿಂತರು. ಕಿಟಕಿಯ ಹೊರಗೆ ನಿಂತದ್ದು ಜೀವನದಲ್ಲೇ ಮೊದಲ ಸಲ. ಒಳಗಿದ್ದ ಗುಮಾಸ್ತ ಅವರಷ್ಟೇ ನೆರೆತ ತಲೆಯವನು. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ನಡುನಡುವೆ ತಲೆಯಾಡಿಸಿದ. ಎಲ್ಲ ಮುಗಿದ ಮೇಲೆ ಅಕ್ಕರೆಯಿಂದ ಹೇಳಿದ: "ನೋಡೋಣ."

ನೋಡೋಣಪ್ಪನವರು ಕಿಟಕಿಯ ಕಟ್ಟೆಯಿಂದ ಕೈ ತೆಗೆದರು. ಆ ಪದ ಹೊರಗಿನಿಂದ ಹೀಗೆ ಕೇಳಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಭಾನುವಾರ ಎಲೆಕ್ಟ್ರಿಷಿಯನ್ ಬಂದ. ಮಾತಿನಲ್ಲಿ ಮಹಾಶೂರ. "ಸಾರ್, ಕರೆಂಟು ನನ್ನ ಕಂಡ್ರೆ ತಾನಾಗೇ ದಾರಿಗೆ ಬರುತ್ತೆ" ಎನ್ನುತ್ತಾ ಹಾಲ್ ನೋಡಿದ, ಅಡುಗೆಮನೆ ನೋಡಿದ, ಬಚ್ಚಲು ನೋಡಿದ, ಪ್ರತಿಯೊಂದು ಸ್ವಿಚ್ಚನ್ನೂ ಹಾಕಿ ತೆಗೆದ. ಎಂಸಿಬಿ ಹೊಸ ಮದುಮಗನಂತೆ ಸೆಟೆದು ನಿಂತಿತ್ತು.

"ಆ ಕೋಣೆ?" ಎಂದ, ಮುಚ್ಚಿದ ಬಾಗಿಲು ತೋರಿಸಿ.

"ಅದು ಬೇಡಪ್ಪ. ಅವಳಿದ್ದ ಕೋಣೆ. ಅವಳು ಹೋದಾಗ ಹಾಸಿಗೆ ಸರಿಮಾಡಿಟ್ಟಿದ್ದೇ ಕೊನೆ, ಆಮೇಲೆ ನಾನು ಆ ಕಡೆ ಕಾಲೇ ಇಟ್ಟಿಲ್ಲ. ಹಾಲ್‌ನಲ್ಲೇ ಮಲಗ್ತೀನಿ."

ಎಲೆಕ್ಟ್ರಿಷಿಯನ್ ಗೌರವದಿಂದ ಹಿಂದೆ ಸರಿದ. "ನಿಮ್ಮನೆ ಎಂಸಿಬಿ ಹಳೇದಾಗಿದೆ ಸಾರ್, ಅದಕ್ಕೆ ವಯಸ್ಸಾಗಿದೆ" ಎಂದು ಹೊಸದೊಂದನ್ನು ಕೂರಿಸಿ ಹೋದ. ಸೋಮವಾರ ಸಂಜೆ ಹೊಸ ಎಂಸಿಬಿ ಹಳೆಯದಕ್ಕಿಂತ ಗಟ್ಟಿಯಾಗಿ 'ಟಕ್' ಎಂದಿತು.

ಆಮೇಲೆ ನೋಡೋಣಪ್ಪನವರು ಹಠಕ್ಕೆ ಬಿದ್ದರು. ಮಿಕ್ಸಿ ಹೋಯಿತು. ಟಿವಿಯೂ ಹೋಗಿ, ಕಚೇರಿಯ ಕಾವಲುಗಾರನ ಪಾಲಾಯಿತು. ಖಾಲಿ ಫ್ರಿಡ್ಜಿನ ಪ್ಲಗ್ ಕಿತ್ತು ಅದರೊಳಗೆ ಶೂ ಇಟ್ಟರು. ಒಂದೊಂದೇ ಸಾಮಾನು ಬಾಗಿಲು ದಾಟಿದಂತೆ ಬೀದಿಯ ಗಾಬರಿ ಏರಿತು. ಟೈಲರಮ್ಮ ದಿನವೂ ಊಟದ ಡಬ್ಬಿ ತಂದು, ಅವರು ಕೊನೆಯ ತುತ್ತು ತಿನ್ನುವವರೆಗೂ ಎದುರಲ್ಲೇ ಕೂರತೊಡಗಿದರು. ಜೈಲರ್ ಸಾಹೇಬರು ಇನ್ನೂ ಮುಂದೆ ಹೋದರು. ಒಂದು ಸಂಜೆ ನೋಡೋಣಪ್ಪನವರು ಮನೆಗೆ ಬಂದರೆ ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ಹಗ್ಗವಿಲ್ಲ. ಅಡುಗೆಮನೆಯಲ್ಲಿ ಚಾಕು ಇಲ್ಲ. ಗಡ್ಡ ಹೆರೆಯುವ ಬ್ಲೇಡೂ ಮಾಯ.

"ಕಳ್ಳರು ಬಂದಿದ್ರು ಸಾಹೇಬ್ರೇ!" ಎಂದು ಎದುರುಮನೆಗೆ ಓಡಿದರು.

"ಏನೇನು ಹೋಯ್ತು?"

"ಒಂದು ಹಗ್ಗ, ಒಂದು ಚಾಕು, ಒಂದು ಬ್ಲೇಡು."

"ಎಂಥಾ ಒಳ್ಳೇ ಕಳ್ಳ ಇರ್ಬೇಕು" ಎಂದು ಜೈಲರ್ ಸಾಹೇಬರು ಆಕಾಶ ನೋಡಿದರು.

ಗಡ್ಡ ಬೆಳೆಯಿತು. ಅಂಗಿ ಕುರ್ಚಿಯ ಬೆನ್ನಿನ ಮೇಲೆ ಒಣಗಿ ಕುರ್ಚಿಯ ಆಕಾರಕ್ಕೇ ಬಂತು. ಆ ಅಂಗಿ, ಆ ಗಡ್ಡದಲ್ಲಿ ದೂರು ಕಿಟಕಿಯ ಹಿಂದೆ ಕೂತರೆ, ದೂರು ಕೊಡಲು ಬಂದವರೇ "ಪರವಾಗಿಲ್ಲ ಬಿಡಿ ಸಾರ್, ನೀವು ಹುಷಾರಾಗಿರಿ" ಎಂದು ಸಮಾಧಾನ ಹೇಳಿ ಹೋಗತೊಡಗಿದರು. ಕಚೇರಿಯ ಸಾಹೇಬರು ಕರೆದು, ಕೇಳದೆಯೇ ರಜೆ ಕೊಟ್ಟರು. "ಮನೇಲಿ ಇರಿ. ಟ್ರಿಪ್ಪು ಗಿಪ್ಪು ಎಲ್ಲಾ ಸಾಕು" ಎಂದರು.

ರಜೆಯ ಮೊದಲ ದಿನವೇ ಅಕ್ಕ ಬಂದಿಳಿದರು. ಟೈಲರಮ್ಮ ಫೋನ್ ಮಾಡಿ, "ನಿಮ್ಮ ತಮ್ಮ ಎಲ್ಲಾ ದಾನ ಮಾಡ್ತಿದಾರಮ್ಮಾ, ಬೇಗ ಬನ್ನಿ" ಎಂದಿದ್ದರು. ಅಕ್ಕ ಒಳಗೆ ಬಂದು, ಬರಿದಾದ ಮನೆಯನ್ನೂ, ಟಿವಿ ಇದ್ದ ಜಾಗದಲ್ಲಿ ಗೋಡೆಯ ಮೇಲೆ ಉಳಿದಿದ್ದ ಚೌಕ ಗುರುತನ್ನೂ, ತಮ್ಮನ ಗಡ್ಡವನ್ನೂ ನೋಡಿ, ಚೀಲವನ್ನು ನೆಲಕ್ಕಿಡುವುದನ್ನೇ ಮರೆತರು.

"ಏನೋ ಇದು?"

"ಎಂಸಿಬಿ ಅಕ್ಕಾ. ಟ್ರಿಪ್ ಆಗುತ್ತೆ."

"ಎಂಸಿಬಿ ಟ್ರಿಪ್ ಆದ್ರೆ ಗಡ್ಡ ಬೆಳೆಯುತ್ತೇನೋ?"

ಆ ಸಂಜೆ ಅಕ್ಕ ಒಂದು ಸಭೆಯನ್ನೇ ಕರೆದರು. ಟೈಲರಮ್ಮ, ಜೈಲರ್ ಸಾಹೇಬರು, ಬೀದಿಯ ಇನ್ನೂ ಕೆಲವರು ಬಂದು, ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಕೂತರು. ಹೊಸ ಎಂಸಿಬಿಯ ಮಾನ ಕಾಪಾಡಲು ಎಲೆಕ್ಟ್ರಿಷಿಯನ್ನೂ ಬಂದಿದ್ದ. ಎಲ್ಲರ ಕೈಯಲ್ಲೂ ಟಾರ್ಚು. ಕತ್ತಲಾಯಿತು. ಎಲ್ಲರೂ ಬಾಗಿಲ ಮೇಲಿನ ಡಬ್ಬವನ್ನೇ ನೋಡುತ್ತಾ ಕಾದರು.

ಏನೂ ಆಗಲಿಲ್ಲ. ದೀಪ ನಿಚ್ಚಳವಾಗಿ ಉರಿಯುತ್ತಲೇ ಇತ್ತು.

"ಈಗ ಆಗುತ್ತೆ ನೋಡಿ" ಎಂದರು ನೋಡೋಣಪ್ಪನವರು. "ಈಗ, ಈಗ." ಟೈಲರಮ್ಮನ ಕೆಟಲನ್ನು ತರಿಸಿ ನೀರು ಕಾಯಿಸಿದರು. ನೀರು ಕುದಿದು, ಎಲ್ಲರೂ ಚಹಾ ಕುಡಿದದ್ದಾಯಿತು. ಇಸ್ತ್ರಿಪೆಟ್ಟಿಗೆ ತರಿಸಿ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕಿದರು. ಬೆವರುತ್ತಾ ಎಂಸಿಬಿಯ ಮುಖ ನೋಡಿದರು. ಅದು ಕದಲಲಿಲ್ಲ. ಅವರಿಗೆ ಅಳುವೇ ಬಂದಂತಾಯಿತು. ಊರಿಗೆಲ್ಲ ಬೆಳಕಿದ್ದಾಗ ಅದು ತಮ್ಮೊಬ್ಬರಿಗೇ ಕತ್ತಲು ಕೊಟ್ಟಿತ್ತು. ಈಗ ಆ ಕತ್ತಲಿಗೆ ಸಾಕ್ಷಿ ಹೇಳೆಂದರೆ ಅದೂ ಇಲ್ಲ!

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೈಲರ್ ಸಾಹೇಬರು ಮೆಲ್ಲಗೆ ಅವರ ಹೆಗಲ ಮೇಲೆ ಕೈಯಿಟ್ಟರು. "ನೋಡ್ರೀ, ದುಃಖ ಇದೆ ಅಂತ ಒಪ್ಕೊಳ್ಳೋದ್ರಲ್ಲಿ ತಪ್ಪಿಲ್ಲ. ನನ್ನ ಮನೆಯವಳು ಹೋದಾಗ ನಾನೂ ಒಂದು ತಿಂಗಳು ರೇಡಿಯೋ ಕೆಟ್ಟಿದೆ ಅಂತಿದ್ದೆ."

"ನನಗೆ ದುಃಖ ಇಲ್ಲ ಸಾಹೇಬ್ರೇ!" ಎಂದು ನೋಡೋಣಪ್ಪನವರು ಕೂಗಿದರು. "ನನಗಿರೋದು ವೈರಿಂಗ್ ತೊಂದರೆ!"

ಯಾರಿಗೂ ನಗು ಬರಲಿಲ್ಲ.

ಅಕ್ಕ ಎದ್ದು ನಿಂತರು. ತಮ್ಮ ಸುಳ್ಳು ಹೇಳಿದರೆ ಕಿವಿ ಕೆಂಪಾಗುವುದನ್ನು ಚಿಕ್ಕಂದಿನಿಂದ ಬಲ್ಲವರು ಅವರು. ಕಿವಿ ಕೆಂಪಾಗಿರಲಿಲ್ಲ. "ಎಲ್ಲಾರೂ ಸ್ವಲ್ಪ ಸುಮ್ನಿರಿ" ಎಂದರು. "ಲೋ, ಇಲ್ಲಿ ಕೇಳು. ಇವತ್ತು ನೀನು ಆಫೀಸಿಗೆ ಹೋಗಿಲ್ಲ. ಹೊರಗೆ ಹೋಗು. ಆಫೀಸಿಂದ ಬಂದ ಹಾಗೆ ಒಳಗೆ ಬಾ. ದಿನಾ ಏನೇನು ಮಾಡ್ತೀಯೋ ಅದನ್ನೇ ಮಾಡು. ನಾವ್ಯಾರೂ ಇಲ್ಲಿಲ್ಲ ಅಂದ್ಕೋ."

ನೋಡೋಣಪ್ಪನವರು ಚೀಲ ತೆಗೆದುಕೊಂಡು ಗೇಟಿನವರೆಗೆ ಹೋದರು. ವಾಪಸ್ಸು ಬಂದರು. ಮೊದಮೊದಲು ನಾಟಕದ ನಡಿಗೆಯಿತ್ತು. ಚಪ್ಪಲಿ ಬಿಡುವಷ್ಟರಲ್ಲಿ ಅದು ಹೋಯಿತು. ಬಾಗಿಲ ಹಿಂದಿನ ಮೊಳೆಗೆ ಚೀಲ ತೂಗುಹಾಕಿದರು. ಬಚ್ಚಲಿಗೆ ಹೋಗಿ ಮುಖ ತೊಳೆದರು. ಟವೆಲಿನಲ್ಲಿ ಕೈಯೊರೆಸುತ್ತಾ ಹೊರಬಂದವರು ಅಡುಗೆಮನೆಯ ಕಡೆ ಹೋಗಲಿಲ್ಲ. ಮುಚ್ಚಿದ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಹೋದರು, ಆ ಬಾಗಿಲನ್ನು ಎಷ್ಟೋ ಸಾವಿರ ಸಲ ತಳ್ಳಿದವರ ಹಾಗೆ.

ಹಾಲ್‌ನಲ್ಲಿದ್ದವರು ಸದ್ದಿಲ್ಲದೆ ಎದ್ದು ಬಂದು ಬಾಗಿಲಲ್ಲಿ ನಿಂತರು.

ಕೋಣೆಯಲ್ಲಿ ಎಲ್ಲವೂ ಇದ್ದಂತೆಯೇ ಇತ್ತು. ಮಂಚದ ಮೇಲೆ ಹೊದಿಕೆ ಮಡಿಸಿಟ್ಟಿತ್ತು. ಅವರು ತಲೆದಿಂಬಿನ ಪಕ್ಕದ ಸ್ವಿಚ್ಚನ್ನು, ನೋಡದೆಯೇ, ಒತ್ತಿದರು. ಆಮೇಲೆ ಬಾಗಿ, ಕಾಲಿನ ಕಡೆಯ ಹೊದಿಕೆಯೊಳಗೆ ಅಂಗೈ ತೂರಿಸಿ ಇಟ್ಟುಕೊಂಡರು. ಸ್ವಲ್ಪ ಹೊತ್ತು ಹಾಗೇ ನಿಂತು, ಬಹಳ ಸಹಜವಾಗಿ ಹೇಳಿದರು: "ಇನ್ನೊಂದು ಗಳಿಗೆ ತಡಿ. ಕಾಯ್ತಾ ಬಂತು."

ಕೈ ತೆಗೆದು, ಹೊದಿಕೆ ಸರಿಮಾಡಿ ತಿರುಗಿದರೆ ಬಾಗಿಲ ತುಂಬ ಜನ.

"ಏನು? ಯಾಕೆ ಎಲ್ಲಾರೂ ಹಾಗೆ ನೋಡ್ತಿದೀರಿ?" ಎಂದರು. ಆಮೇಲೆ ತಾವು ನಿಂತಿರುವುದು ಎಲ್ಲಿ ಎಂದು ಅವರಿಗೇ ತಿಳಿಯಿತು. ತಮ್ಮ ಕೈಯನ್ನು ನೋಡಿಕೊಂಡರು. ಬೇರೆ ಯಾರದೋ ಕೈ ನೋಡುವಂತೆ.

ಎಲೆಕ್ಟ್ರಿಷಿಯನ್ ಮೆಲ್ಲಗೆ ಮುಂದೆ ಬಂದು ಹಾಸಿಗೆಯ ಅಂಚು ಎತ್ತಿದ. ಕರೆಂಟಿನಿಂದ ಬಿಸಿಯಾಗುವ ತೆಳುವಾದ ಹಾಸೊಂದು ಅಲ್ಲಿತ್ತು. ಕಾಯಿಲೆಯವರ ಕಾಲಡಿಗೆ ಹಾಕುವಂಥದ್ದು. "ಇದನ್ನ ಯಾರಾದ್ರೂ ಒಗೆದ್ರಾ ಸಾರ್?"

"ನಾನೇ ಒಗೆದೆ" ಎಂದರು ನೋಡೋಣಪ್ಪನವರು. "ಅವಳು ಹೋದ್ಮೇಲೆ, ಅದೇ ವಾರ. ಅದರ ಮೇಲೆ ಔಷಧಿ ಚೆಲ್ಲಿತ್ತು. ಚೆನ್ನಾಗಿ ಹಿಂಡಿ ಒಣಗಿಸಿ ಮತ್ತೆ ಹಾಸಿದೆ."

"ಒಳಗಡೆ ವೈರು ಮುರಿದಿದೆ. ತಣ್ಣಗಿರೋವರೆಗೂ ಏನೂ ಆಗಲ್ಲ, ಕಾದ್ಮೇಲೆ ಒಂದಕ್ಕೊಂದು ತಾಗುತ್ತೆ. ಆಗ..."

'ಟಕ್' ಎಂದಿತು.

ಕತ್ತಲಾಯಿತು. ಇಷ್ಟು ಜನರ ಕೈಯಲ್ಲಿ ಟಾರ್ಚಿದ್ದರೂ ಯಾರೂ ಹಾಕಲಿಲ್ಲ. ಆ ಕತ್ತಲಲ್ಲಿ ಮೊದಲು ಒಂದು ಮೂಗೆಳೆದ ಸದ್ದು ಕೇಳಿತು. ಆಮೇಲೆ, ಮಂಚದ ಅಂಚಿನಲ್ಲಿ ಯಾರೋ ಕುಸಿದು ಕೂತ ಸದ್ದು. ಆಮೇಲೆ ಆ ಬೀದಿಯಲ್ಲಿ ಯಾರೂ ಎಂದೂ ಕೇಳಿರದ ದನಿಯೊಂದು.

"ಚಳಿ ಶುರುವಾದ್ರೆ ಸಾಕು, ಅವಳ ಕಾಲು ತಣ್ಣಗಾಗ್ತಿತ್ತು ಅಕ್ಕಾ. ಎಷ್ಟು ಉಜ್ಜಿದ್ರೂ ಬಿಸಿ ಆಗ್ತಿರ್ಲಿಲ್ಲ. ಸಂಜೆ ಬಂದ ತಕ್ಷಣ ಹಾಕ್ತಿದ್ದೆ, ಮಲಗೋ ಮುಂಚೆ ಆರಿಸ್ತಿದ್ದೆ. 'ಬಂದ್ರಾ, ಸದ್ಯ' ಅಂತಿದ್ಲು. ಅಷ್ಟೇ ಅಂತಿದ್ಲು."

ಎಲೆಕ್ಟ್ರಿಷಿಯನ್ ಪಿಸುದನಿಯಲ್ಲಿ, "ಎಂಸಿಬಿ ಎತ್ಲಾ ಅಮ್ಮಾ?" ಎಂದು ಕೇಳಿದ.

"ಬೇಡ" ಎಂದರು ಅಕ್ಕ. "ಸ್ವಲ್ಪ ಹೊತ್ತು ಹೀಗೇ ಇರ್ಲಿ."

ಬೀದಿಯವರು ಒಬ್ಬೊಬ್ಬರಾಗಿ ಗೋಡೆ ತಡವುತ್ತಾ ಹೊರನಡೆದರು. ಟಾರ್ಚು ಹಾಕಲು ನಾಚಿ, ಕತ್ತಲಲ್ಲೇ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ಬೆಳಗ್ಗೆ ಆ ಬೀದಿಯಲ್ಲಿ ಯಾರ ಕಾಲಲ್ಲೂ ಅವರವರ ಚಪ್ಪಲಿ ಇರಲಿಲ್ಲ. ಜೈಲರ್ ಸಾಹೇಬರು ಒಂದು ಕಾಲಿಗೆ ತಮ್ಮದು, ಇನ್ನೊಂದಕ್ಕೆ ಯಾವುದೋ ಹೆಂಗಸಿನ ಹೂವಿನ ಚಪ್ಪಲಿ ಹಾಕಿಕೊಂಡು ಹಾಲು ತಂದರು.

ಅಕ್ಕ ಒಂದು ವಾರ ಇದ್ದು ಹೋದರು. ತಮ್ಮನನ್ನು ಕರೆದೊಯ್ಯುವ ಮಾತು ಎತ್ತಲಿಲ್ಲ. ಹಾಸನ್ನು ಎಲೆಕ್ಟ್ರಿಷಿಯನ್ ತೆಗೆದುಕೊಂಡು ಹೋದ. ಮನೆಯಲ್ಲಿ ಆಮೇಲೆ ಒಮ್ಮೆಯೂ ಕರೆಂಟು ಹೋಗಲಿಲ್ಲ. ನೋಡೋಣಪ್ಪನವರು ಕೋಣೆಯ ಮಂಚದ ಮೇಲೇ ಮಲಗತೊಡಗಿದರು, ತಮ್ಮ ಮಗ್ಗುಲಲ್ಲಿ. ಕಷ್ಟವಿದ್ದದ್ದು ಸಂಜೆಯ ಆ ಗಳಿಗೆಯಲ್ಲಿ ಮಾತ್ರ. ಮುಖ ತೊಳೆದು, ಕೈ ಒರೆಸಿಕೊಂಡು ಬಂದರೆ, ಆ ಕೈಗೆ ಇನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬೆಳಗುವ ಹಾಲ್‌ನ ನಡುವೆ ಅದು ಸುಮ್ಮನೆ ಗಾಳಿಯಲ್ಲಿ ನಿಲ್ಲುತ್ತಿತ್ತು.

ಅಕ್ಕ ಹೋದ ಮರುಸಂಜೆ, ಸರಿಯಾಗಿ ಆ ಹೊತ್ತಿಗೆ, ಬಾಗಿಲು ಬಡಿದ ಸದ್ದಾಯಿತು. ಟೈಲರಮ್ಮ. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರದ ಉಂಡೆ.

"ಅಣ್ಣಾ, ಕಣ್ಣು ಸರಿಯಾಗಿ ಕಾಣ್ತಿಲ್ಲ. ಸ್ವಲ್ಪ ಇದಕ್ಕೆ ದಾರ ಪೋಣಿಸಿ ಕೊಡ್ತೀರಾ?"

ಕತ್ತಲಲ್ಲೂ ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವ ಹೆಂಗಸು. ಅದು ಆ ಬೀದಿಗೆಲ್ಲ ಗೊತ್ತು, ನೋಡೋಣಪ್ಪನವರಿಗೂ ಗೊತ್ತು. ಅವರು ದೀಪದ ಕೆಳಗೆ ಕೂತು, ದಾರದ ತುದಿಯನ್ನು ನಾಲಗೆಗೆ ತಾಗಿಸಿಕೊಂಡು, ಸೂಜಿಯ ಕಣ್ಣು ಹುಡುಕಿದರು. ಬಹಳ ಹೊತ್ತು ಹಿಡಿಯಿತು. ಟೈಲರಮ್ಮ ಎದುರಿಗೆ ಕೂತು, ಅವಸರವಿಲ್ಲದೆ, ಅತ್ತಿಗೆಯಮ್ಮ ಮೊದಲ ಸಲ ಅಂಗಡಿಗೆ ಬಂದಾಗ ರವಿಕೆಯ ಅಳತೆ ವಿಷಯಕ್ಕೆ ತಮ್ಮೊಂದಿಗೆ ಹೇಗೆ ಜಗಳವಾಡಿದ್ದರೆಂದು ಹೇಳತೊಡಗಿದರು.

"ಜಗಳ ಆಡಿದ್ಲಾ?" ಎಂದರು ನೋಡೋಣಪ್ಪನವರು, ಸೂಜಿಯಿಂದ ಕಣ್ಣೆತ್ತದೆ.

"ಅಯ್ಯೋ, ಎಂಥಾ ಜಗಳ! ಮೂರು ದಿನ ಮಾತು ಬಿಟ್ಟಿದ್ದೆ ನಾನು."

"ಹೇಳಿ" ಎಂದರು ಅವರು. "ಮೊದಲಿಂದ ಹೇಳಿ."